ನಿಲ್ಲುತ್ತಾ ನಡೆಯುವ ದಾರಿ

ನಂಜನಗೂಡಿನಿಂದ ತಿರುಮಕೂಡಲು ನರಸೀಪುರಕ್ಕೆ ನೇರ ಗೆರೆ ಎಳೆದರೆ 25 ಕಿಲೋಮೀಟರಿನ ಆಸುಪಾಸು. ಕಪಿಲೆ, ಅಂದರೆ ಕಬಿನಿ ಹೊಳೆ, ಹಾಗೆ ನೇರ ಹೋಗುವವಳಲ್ಲ. ವಯನಾಡಿನ ಬೆಟ್ಟಗಳ ಮಳೆ ಹೊತ್ತು ತಂದು, ಬೀಚನಹಳ್ಳಿಯ ಅಣೆಕಟ್ಟೆಯಲ್ಲಿ ತಂಗಿ, ನಂಜನಗೂಡಿನ ಸ್ನಾನಘಟ್ಟ ದಾಟಿದ ಮೇಲೆ ಅವಳ ನಡಿಗೆ ಸಡಿಲವಾಗುತ್ತದೆ. ಎಡಕ್ಕೊಂದು ಬಾಗು, ಬಲಕ್ಕೊಂದು ಬಾಗು. ಪ್ರತಿ ಬಾಗಿನ ಒಳಮೈಯಲ್ಲಿ ಮರಳು, ಹೊರಮೈಯಲ್ಲಿ ಕಡಿದಾದ ಕರಿಮಣ್ಣಿನ ದಡ. ಆಷಾಢದಲ್ಲಿ ನೀರಿಗೆ ಕೆಮ್ಮಣ್ಣಿನ ಬಣ್ಣ, ಕಾರ್ತಿಕದ ಹೊತ್ತಿಗೆ ಪಾಚಿಹಸಿರು, ಮಾಘದ ಬೆಳಗಿನಲ್ಲಿ ಹಬೆಯಾಡುವ ಸೀಸದ ಬೂದು.

ಈ ಸೀಮೆಗೆ ಯಾತ್ರೆಯ ನಡಿಗೆ ಹೊಸದಲ್ಲ. ನಂಜುಂಡನ ದೊಡ್ಡ ಜಾತ್ರೆಗೆ, ಸುತ್ತೂರಿನ ಜಾತ್ರೆಗೆ, ಶಿವರಾತ್ರಿಗೆ ಮುಂಚೆ ಮಾದಪ್ಪನ ಬೆಟ್ಟಕ್ಕೆ ಜನ ನಡೆದೇ ಹೋಗುತ್ತಾರೆ. 1989ರಿಂದ, ಕಪಿಲೆ ಕಾವೇರಿಯನ್ನು ಕೂಡುವ ನರಸೀಪುರದ ಸಂಗಮದಲ್ಲಿ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಸುವ ರೂಢಿಯೂ ಬಂದಿದೆ. ಎಲ್ಲ ನಡಿಗೆಗಳೂ ಒಂದೊಂದು ಬಾಗಿಲಿನ ಮುಂದೆ ಮುಗಿಯುತ್ತವೆ. ಎರಡು ಬಾಗಿಲುಗಳ ನಡುವೆ ಹರಿಯುವ ಈ ಹೊಳೆಯನ್ನೇ ನೋಡಲೆಂದು, ಹರಕೆಯಿಲ್ಲದೆ, ಮುಡಿಯಿಲ್ಲದೆ, ಯಾರು ಯಾವ ಕುಲ ಎಂದು ಯಾರೂ ಕೇಳದೆ ನಡೆಯಬಹುದಾದ ಒಂದು ದಾರಿ ಇರಬೇಕೆಂಬುದು ನನ್ನ ಬಹುಕಾಲದ ಆಸೆ. ಅದಕ್ಕಾಗಿ ದುರ್ಬೀನು, ಟಿಪ್ಪಣಿ ಪುಸ್ತಕ ಹಿಡಿದು ತುಂಡುತುಂಡಾಗಿ ಈ ದಡಗಳಲ್ಲಿ ಅಲೆದಿದ್ದೇನೆ. ಅಲೆದಷ್ಟೂ ನನಗೆ ಸ್ಪಷ್ಟವಾದದ್ದು ಇಷ್ಟು: ಯಾತ್ರೆಯ ದಾರಿಯನ್ನು ಅದರ ಉದ್ದದಿಂದ ಅಳೆಯಲಾಗದು. ಕಾಲು ತಾನಾಗಿ ಎಲ್ಲಿ ನಿಲ್ಲುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದರಿಂದ ಅದು ಆಗುತ್ತದೆ. ಹಾಗಾಗಿ ನಾನು ದಾರಿ ಹುಡುಕುವುದನ್ನು ಬಿಟ್ಟು ನಿಲ್ಲುವ ಜಾಗಗಳನ್ನು ಹುಡುಕತೊಡಗಿದೆ.

ಮೊದಲ ಜಾಗ ನಂಜನಗೂಡಿನ ಹಳೆಯ ಕಲ್ಲುಸೇತುವೆಯ ಕೆಳಗಿದೆ. 1735ರಲ್ಲಿ ದಳವಾಯಿ ದೇವರಾಜಯ್ಯನವರ ಕಾಲದಲ್ಲಿ ಕಟ್ಟಿದ ಸೇತುವೆ ಇದು. ಮುಂದೆ ಗಾಡಿಗಳನ್ನೂ ರೈಲನ್ನೂ ಬಹುಕಾಲ ಒಟ್ಟಿಗೆ ಹೊತ್ತಿತು. ಈಗ ಮೇಲೆ ಸದ್ದಿಲ್ಲ. ಕಂಬಗಳ ನಡುವಿನ ನೆರಳಿನಲ್ಲಿ ಕೂತ ಮೊದಲ ಗಳಿಗೆಯಲ್ಲಿ ಏನೂ ಕಾಣುವುದಿಲ್ಲ. ಕಣ್ಣು ಕತ್ತಲಿಗೆ ಒಗ್ಗಿದ ಮೇಲೆ ಕಲ್ಲಿನ ಸಂದಿಯಲ್ಲಿ ಹಸಿ ಮಣ್ಣಿನ ಕಂದುಗೆರೆಯೊಂದು ಕಾಣುತ್ತದೆ. ಅರ್ಧ ಹಣತೆಯಂತೆ ಗೋಡೆಗೆ ಅಂಟಿದ ಗೂಡಿನ ಅಂಚು ಅದು. ಕಟ್ಟುತ್ತಿರುವುದು ತಂತಿಬಾಲದ ಅಂಬರಗುಬ್ಬಿ. ನೆತ್ತಿ ಇಟ್ಟಿಗೆಗೆಂಪು, ಬೆನ್ನು ಮಿರುಗುವ ಕಡುನೀಲಿ, ಹೊಟ್ಟೆ ಅಚ್ಚ ಬಿಳಿ. ಬಾಲದ ಎರಡು ಎಳೆಗಳು ಎಷ್ಟು ತೆಳುವೆಂದರೆ ಬೆಳಕಿಗೆ ಎದುರಾಗಿ ತಿರುಗಿದಾಗ ಮಾತ್ರ ಇವೆಯೆಂದು ಗೊತ್ತಾಗುತ್ತದೆ.

ನೀರಂಚಿನ ಕೆಸರಿನಲ್ಲಿ ಅದು ರೆಕ್ಕೆ ಎತ್ತಿ ಹಿಡಿದೇ ಇಳಿಯುತ್ತದೆ, ಗರಿಗೆ ಕೆಸರು ತಾಗಬಾರದೆಂದು. ಕೊಕ್ಕಿನ ತುದಿಯಲ್ಲಿ ಒಂದು ಉಂಡೆ, ಹೆಸರುಕಾಳಿಗಿಂತ ತುಸು ದೊಡ್ಡದು. ಗೂಡಿಗೆ ಮರಳಿ ಉಂಡೆಯನ್ನು ಅಂಚಿಗೆ ಒತ್ತಿ ಗದ್ದವನ್ನು ಕ್ಷಣಕಾಲ ನಡುಗಿಸುತ್ತದೆ. ಆ ನಡುಕದಿಂದ ಹಸಿ ಉಂಡೆ ಒಣಗಿದ ಉಂಡೆಯ ಬಿರುಕಿಗೆ ಇಳಿದು ಕೂರುತ್ತದೆ. ಒಂದಿಷ್ಟು ಸಾಲು ಏರಿಸಿ ಬಿಟ್ಟುಬಿಡುತ್ತದೆ. ಕೆಳಗಿನದು ಒಣಗದೆ ಮೇಲಿನದನ್ನು ಇಡುವುದಿಲ್ಲ. ಸುಮಾರು ಮುನ್ನೂರು ವರ್ಷದ ಹಿಂದಿನ ಕಲ್ಲುಕುಟಿಗರ ಕೆಲಸದ ಮೇಲೆ ಇಂದು ಬೆಳಗಿನ ಕೆಲಸ ಕೂರುವುದನ್ನು ನೋಡುತ್ತಾ ನನಗೆ ಹೊತ್ತು ಹೋದದ್ದೇ ತಿಳಿದಿಲ್ಲ. ಹೊರಡುವವರು ಇಲ್ಲಿ ಒಮ್ಮೆ ಕೂತರೆ ಸಾಕು, ಮುಂದಿನ ದಾರಿಯ ವೇಗ ತಾನಾಗಿ ನಿಗದಿಯಾಗುತ್ತದೆ.

ಎರಡನೆಯ ಜಾಗವನ್ನು ಬಿಟ್ಟು ಹೋಗಬಹುದಿತ್ತು. ಬಿಡಬಾರದೆಂದು ನಿರ್ಧರಿಸಿದ್ದೇನೆ. 2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಗುರುತಿಸಿದ ಕರ್ನಾಟಕದ 17 ಕಲುಷಿತ ನದಿಪಾತ್ರಗಳಲ್ಲಿ ಕಪಿಲೆಯ ನಂಜನಗೂಡು–ಹೆಜ್ಜಿಗೆ ನಡುವಿನ ಭಾಗವೂ ಒಂದು. ಊರಿನ ಚರಂಡಿ ನೀರು ಸೇರುವ ಕಡೆ ದಡದ ಕೆಸರು ಮಸಿಕಪ್ಪು. ಕಡ್ಡಿಯಿಂದ ಕೆದಕಿದರೆ ಕೊಳೆತ ವಾಸನೆಯ ಗುಳ್ಳೆಗಳು ಏಳುತ್ತವೆ, ಕೆಸರಿನೊಳಗೆ ದಾರದಷ್ಟು ಸಣ್ಣ ಕೆಂಪು ಹುಳುಗಳು ಬಳುಕುತ್ತವೆ. ಉಸಿರಿಗೆ ಗಾಳಿಯೇ ಇಲ್ಲದ ನೀರಿನಲ್ಲಿ ಬದುಕಬಲ್ಲ ಹುಳು ಅದು. ಅದರ ಕೆಂಪು, ರಕ್ತದಲ್ಲಿ ಪ್ರಾಣವಾಯುವನ್ನು ಹಿಡಿದಿಡುವ ವಸ್ತುವಿನದು. ಅದನ್ನು ಆಯಲು ಮೆಟ್ಟುಗಾಲು ಹಕ್ಕಿಗಳು ಬರುತ್ತವೆ. ನಸುಗೆಂಪು ಕಾಲುಗಳನ್ನು ಮಡಚಿ, ಒಂದೊಂದಾಗಿ ಎತ್ತಿ, ಅಲೆಯೇಳದ ಹಾಗೆ ಊರುತ್ತಾ, ಸೂಜಿಕೊಕ್ಕಿನಿಂದ ಕೆಸರನ್ನು ಚುಚ್ಚುತ್ತಾ ಸಾಲಾಗಿ ನಡೆಯುತ್ತವೆ. ಹಕ್ಕಿಗಳ ನಡಿಗೆ ಚೆಂದ. ಅವು ಇಲ್ಲಿ ಇಷ್ಟೊಂದು ಇರುವುದರ ಕಾರಣ ಚೆಂದವಲ್ಲ. ಎರಡನ್ನೂ ಒಂದೇ ನೋಟದಲ್ಲಿ ಹಿಡಿಯುವಷ್ಟು ಹೊತ್ತು ಇಲ್ಲಿ ನಿಲ್ಲಬೇಕು. ಮಿಂದು ಪಾಪ ಕಳೆಯುತ್ತದೆಂದು ನಂಬಿದ ಹೊಳೆಗೆ ನಾವು ಏನು ಕೊಟ್ಟಿದ್ದೇವೆಂದು ತಿಳಿಯದೆ ಮುಂದೆ ಹೋಗುವ ನಡಿಗೆ ಯಾತ್ರೆಯಾಗದು.

ಹೆಜ್ಜಿಗೆ ದಾಟಿದ ಮೇಲೆ ದಡದ ದಾರಿ ಇದೆ ಅಂದರೆ ಇದೆ, ಇಲ್ಲ ಅಂದರೆ ಇಲ್ಲ. ಬದುವೇ ದಾರಿ. ಒಂದು ಕಡೆ ಭತ್ತದ ಗದ್ದೆ, ಇನ್ನೊಂದು ಕಡೆ ಕಬ್ಬು, ನಡುವೆ ಅಲ್ಲಲ್ಲಿ ಬಾಳೆ. ಈ ಮಣ್ಣಿನ ಹೆಸರು ಹೊತ್ತ ರಸಬಾಳೆ ಮಾತ್ರ ಸೊರಗು ರೋಗಕ್ಕೆ ತುತ್ತಾಗಿ ಈಗ ಕೆಲವೇ ತೋಟಗಳಲ್ಲಿ ಉಳಿದಿದೆ. ಒಂದು ಬಾಗಿನಲ್ಲಿ ಕಬ್ಬು ನೀರಂಚಿನವರೆಗೂ ಬೆಳೆದು ದಾರಿ ಮುಚ್ಚಿತ್ತು. ಹೊಂಗೆಯ ನೆರಳಿನಲ್ಲಿ ಆಡು ಮೇಯಿಸುತ್ತಿದ್ದ ವಯಸ್ಸಾದ ಹೆಂಗಸೊಬ್ಬರು ನನ್ನನ್ನು ನೋಡಿ ಕೇಳಿದರು:

“ಯಾವ ದೇವ್ರಿಗ ಹೊಂಟಿದ್ದರಿ ಸಾ?”

“ದೇವ್ರಿಗಲ್ಲ ಕನವ್ವ. ಹೊಳೆ ನೋಡ್ಕಂಡು ಸಂಗಮದ ತನಕ.”

ಅವರು ಒಂದು ಗಳಿಗೆ ಯೋಚಿಸಿದರು. “ನೋಡಕ್ಕೂ ಹರಕೆ ಕಟ್ಕಂಡಿದ್ದರಾ?” ಅಂದರು. ಆಮೇಲೆ ಕೋಲು ಚಾಚಿ ತೋರಿಸಿದರು. “ಈಗ ಇಲ್ಲಿ ದಾರಿ ಇಲ್ಲ. ಕಬ್ಬು ಕಡದ ಮ್ಯಾಲ ಇದ್ದದು. ಅಲ್ಲೀಗಂಟ ಆ ಹುಣಸೆಮರದ ಮಗ್ಗುಲಿಂದ ಹೋಗಿ.”

ಅವರ ಮಾತಿನಲ್ಲಿ ಈ ದಡದ ಭೂಪಟವೇ ಇತ್ತು. ಇಲ್ಲಿ ದಾರಿ ಋತುವಿಗೆ ತಕ್ಕಂತೆ ಹುಟ್ಟಿ ಅಳಿಯುವ ವಸ್ತು. ನಾಲೆಗೆ ನೀರು ಬಿಟ್ಟಾಗ ಒಂದು, ಕಟಾವಿನ ನಂತರ ಇನ್ನೊಂದು, ಹೊಳೆ ತುಂಬಿದಾಗ ಮತ್ತೊಂದು. ಅದನ್ನು ಬಲ್ಲವರು ಆಡು ಮೇಯಿಸುವವರು, ಬಲೆ ಬೀಸುವವರು, ಕಬ್ಬು ಕಡಿಯಲು ಬಂದವರು. ಅವರನ್ನು ಕೇಳದೆ ಗೆರೆ ಎಳೆದು ಕಲ್ಲು ನೆಟ್ಟರೆ ಆ ಕಲ್ಲು ಮೊದಲ ಮಳೆಗಾಲದಲ್ಲೇ ಸುಳ್ಳಾಗುತ್ತದೆ.

ಆ ಹುಣಸೆಯ ಮಗ್ಗುಲಲ್ಲಿ ಎರಡು ನೆಟ್ಟ ಕಲ್ಲುಗಳ ಮೇಲೆ ಅಡ್ಡ ಇಟ್ಟ ಚಪ್ಪಡಿಯೊಂದಿದೆ, ಹೆಗಲೆತ್ತರಕ್ಕೆ. ತಲೆಹೊರೆಯನ್ನು ಇನ್ನೊಬ್ಬರ ನೆರವಿಲ್ಲದೆ ಇಳಿಸಿ ಮತ್ತೆ ಹೊರಲು ಹಿಂದಿನವರು ನೆಟ್ಟದ್ದು. ಚಪ್ಪಡಿಯ ಮೇಲೆ ಹಳದಿ, ಬೂದಿಹಸಿರು, ಸುಣ್ಣದ ಬಿಳಿ ಬಣ್ಣದ ಕಲ್ಲುಹೂವು ಒಂದರ ಅಂಚಿಗೆ ಒಂದು ಹಬ್ಬಿದೆ. ನಡುವೆ ಮಾತ್ರ ಕಲ್ಲು ನುಣುಪಾಗಿ ಬರಿದಾಗಿದೆ, ಹೊರೆಗಳು ಉಜ್ಜಿದ ಕಡೆ. ಅರವಟ್ಟಿಗೆ, ಸಾಲುಮರ, ಅರಳಿಕಟ್ಟೆ, ಹೊರೆಯ ಕಲ್ಲು, ಛತ್ರ: ನಮ್ಮ ಯಾತ್ರೆಗಳನ್ನು ಸಾಧ್ಯ ಮಾಡಿದ ಈ ಐದರಲ್ಲಿ ಯಾವುದೂ ದೇವರಿಗಾಗಿ ಮಾಡಿದ್ದಲ್ಲ. ಎಲ್ಲವೂ ದಣಿದ ಮೈಗಾಗಿ ಮಾಡಿದ್ದು. ಅವನ್ನು ಉಳಿಸಿಕೊಂಡರೆ ಯಾವ ನಂಬಿಕೆಯವರೂ, ನಂಬಿಕೆಯಿಲ್ಲದವರೂ ಒಂದೇ ನೆರಳಿನಲ್ಲಿ ಕೂರಬಹುದು.

ಗುಡಿಯ ಆಚೆಗೆ ನಡೆದ ಯಾತ್ರೆಗಳನ್ನೂ ಈ ಮಣ್ಣು ಕಂಡಿದೆ. ಭೂದಾನಕ್ಕಾಗಿ ಊರೂರು ನಡೆಯುತ್ತಿದ್ದ ವಿನೋಬಾ 1957ರ ಸೆಪ್ಟೆಂಬರಿನಲ್ಲಿ ಮೈಸೂರಿನ ಹತ್ತಿರದ ಯಲವಾಲದ ಗ್ರಾಮದಾನ ಸಮ್ಮೇಳನದಲ್ಲಿದ್ದರು. 1987ರ ನವೆಂಬರಿನಿಂದ 1988ರ ಫೆಬ್ರವರಿಯವರೆಗೆ ಒಂದು ತಂಡ ಕನ್ಯಾಕುಮಾರಿಯಿಂದ, ಇನ್ನೊಂದು ಮಹಾರಾಷ್ಟ್ರದ ನವಾಪುರದಿಂದ ಹೊರಟು ಪಶ್ಚಿಮ ಘಟ್ಟಗಳುದ್ದಕ್ಕೂ ನಡೆದು ಗೋವೆಯಲ್ಲಿ ಕೂಡಿದವು. ಕಾಡನ್ನು ಕಾಲಿನಿಂದ ಓದಿದ ಸುಮಾರು ನೂರು ದಿನ ಅವು. ನಂಜನಗೂಡು ತಾಲ್ಲೂಕಿನ ಬದನವಾಳು ಹಳೆಯ ಖಾದಿ ಕೇಂದ್ರದ ಊರು. ಅಲ್ಲಿ 2015ರ ಏಪ್ರಿಲ್ 19ರಂದು ರಂಗಕರ್ಮಿ ಪ್ರಸನ್ನ ಅವರ ಮುಂದಾಳತ್ವದಲ್ಲಿ ಸುಸ್ಥಿರ ಬದುಕಿಗಾಗಿ ಜನ ಸೇರಿದರು. ಅದೇ ಊರಿನಲ್ಲಿ 1993ರಲ್ಲಿ ದೇವಸ್ಥಾನ ಪ್ರವೇಶದ ವಿವಾದದ ಬೆನ್ನಿಗೆ ಮೂವರು ದಲಿತರ ಕೊಲೆಯಾಗಿತ್ತು. ಯಾರನ್ನೂ ಹೊಸ್ತಿಲಲ್ಲಿ ತಡೆಯದ ಒಂದು ಯಾತ್ರೆ ಈ ತಾಲ್ಲೂಕಿಗೆ ಏಕೆ ಬೇಕೆಂದು ನಾನು ಬೇರೆ ಕಾರಣ ಹುಡುಕಬೇಕಿಲ್ಲ. ಹೊಳೆಯ ದಡಕ್ಕೆ ಹೊಸ್ತಿಲಿಲ್ಲ.

ಮೂರನೆಯ ಜಾಗಕ್ಕೆ ಹೊಳೆಯನ್ನು ಬಿಟ್ಟು ಸ್ವಲ್ಪ ದೂರ ಸರಿಯಬೇಕು, ಹದಿನಾರು ಎಂಬ ಊರಿನ ಕೆರೆಗೆ. ಯದುರಾಯ ಮತ್ತು ಕೃಷ್ಣರಾಯ ಎಂಬ ಅಣ್ಣತಮ್ಮಂದಿರು 1399ರಲ್ಲಿ ಇಲ್ಲಿನ ರಾಜಕುಮಾರಿಯ ನೆರವಿಗೆ ಬಂದು ಮೈಸೂರು ಅರಸುಮನೆತನಕ್ಕೆ ಮೊದಲಿಟ್ಟರೆಂದು ಐತಿಹ್ಯ. ನಾನು ಇಲ್ಲಿಗೆ ಬರುವುದು ಇನ್ನೂ ದೂರದಿಂದ ಬರುವವರನ್ನು ನೋಡಲು. ಚಳಿಗಾಲ ಕಾಲಿಟ್ಟ ಮೇಲೆ ಮಂಗೋಲಿಯಾ, ಟಿಬೆಟ್ ಕಡೆಯ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಈ ಕೆರೆಗೆ ಇಳಿಯುತ್ತವೆ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಉಪಗ್ರಹದ ನೆರವಿನಿಂದ ಅವುಗಳ ಹಾರಾಟವನ್ನು ಹಿಂಬಾಲಿಸಿದವರು ಏಳು ಸಾವಿರ ಮೀಟರಿಗೂ ಮೇಲಿನ ಎತ್ತರವನ್ನು ದಾಖಲಿಸಿದ್ದಾರೆ. ಬಹುಪಾಲು ಅವು ಅಷ್ಟು ಎತ್ತರದಲ್ಲಿ ಹಾರುವುದಿಲ್ಲ. ಬೆಟ್ಟದ ಏರಿಳಿತಕ್ಕೆ ಮೈ ಹೊಂದಿಸಿಕೊಂಡು, ಕಣಿವೆಗಿಳಿದು ಮತ್ತೆ ಏರಿ, ಗಾಳಿ ತಣ್ಣಗಿರುವ ರಾತ್ರಿಯಲ್ಲಿ, ನಸುಕಿನಲ್ಲಿ ಹೆಚ್ಚು ಹಾರುತ್ತವೆ.

ಹಗಲಲ್ಲಿ ಅವು ಕೆರೆಯ ಬರಿದಾದ ಅಂಚಿನಲ್ಲಿ ಸುಮ್ಮನೆ ನಿಂತಿರುತ್ತವೆ. ಮೈ ತಿಳಿಬೂದು, ತಲೆ ಹಾಲುಬಿಳಿ, ಹಿಂದಲೆಯಲ್ಲಿ ಲಾಳದಾಕಾರದ ಎರಡು ಕಪ್ಪುಪಟ್ಟೆ. ಕಿತ್ತಳೆಹಳದಿ ಕೊಕ್ಕಿನ ತುದಿಯಲ್ಲೂ ಒಂದು ಕಪ್ಪು ಚುಕ್ಕೆ. ಮಧ್ಯಾಹ್ನ ಹಿಂಡಿನ ಬಹುಪಾಲು ಒಂಟಿಕಾಲಿನಲ್ಲಿ, ಕೊಕ್ಕನ್ನು ಬೆನ್ನಗರಿಯಲ್ಲಿ ಹುದುಗಿಸಿ ನಿದ್ದೆಹೋಗುತ್ತದೆ. ಅಂಚಿನಲ್ಲಿ ನಿಂತ ಒಂದೆರಡು ಮಾತ್ರ ಕತ್ತು ನೆಟ್ಟಗೆ ನಿಲ್ಲಿಸಿರುತ್ತವೆ. ಬಹಳ ಹೊತ್ತು ನೋಡಿದರೆ ಕಾವಲು ಕೈಬದಲಾಗುವುದು ಕಾಣುತ್ತದೆ. ನಿದ್ದೆಯಲ್ಲಿದ್ದ ಒಂದು ಹಕ್ಕಿ ಕಾಲು ಇಳಿಸಿ, ರೆಕ್ಕೆಯನ್ನೂ ಅದೇ ಬದಿಯ ಕಾಲನ್ನೂ ಹಿಂದಕ್ಕೆ ಚಾಚಿ ಮೈಮುರಿದು, ಕತ್ತು ಎತ್ತುತ್ತದೆ. ಆಮೇಲೆ ಅಷ್ಟು ಹೊತ್ತೂ ನಿಂತಿದ್ದ ಇನ್ನೊಂದು ಕತ್ತು ನಿಧಾನವಾಗಿ ಕೆಳಗಿಳಿಯುತ್ತದೆ.

ಸಂಜೆ ಬೆಳಕು ತಾಮ್ರಕ್ಕೆ ತಿರುಗುವ ಹೊತ್ತಿಗೆ ಒಂದು ಹಕ್ಕಿ ತಲೆಯನ್ನು ಪಕ್ಕಕ್ಕೆ ಕೊಡವುತ್ತದೆ. ಪಕ್ಕದ್ದೂ ಕೊಡವುತ್ತದೆ. ತಲೆ ಕೊಡವುವುದು ಹಿಂಡಿನೊಳಗೆ ಹರಡುತ್ತಾ ಹೋಗುತ್ತದೆ, ಅದರ ಜೊತೆ ಮೂಗಿನಿಂದ ಬರುವ ಒಂದು ತಗ್ಗಿದ ದನಿಯೂ. ಎಲ್ಲರೂ ಒಪ್ಪುವವರೆಗೆ ಯಾರೂ ಏಳುವುದಿಲ್ಲ. ಎದ್ದಾಗ ಒಟ್ಟಿಗೆ ಎದ್ದು, ಕೆರೆಯ ಮೇಲೆ ಒಂದು ಸುತ್ತು ಹಾಕಿ, ಓರೆಸಾಲಾಗಿ ಕೊಯ್ಲಾದ ಗದ್ದೆಗಳ ಕಡೆ ಹೋಗುತ್ತವೆ. ಇರುಳೆಲ್ಲ ಅಲ್ಲಿ ಉದುರಿದ ಕಾಳು, ಎಳೆಹುಲ್ಲು ತಿಂದು ಬೆಳಗ್ಗೆ ಮರಳುತ್ತವೆ. ಖಂಡ ದಾಟುವ ಯಾತ್ರಿಕರು ಹೊರಡುವ ಬಗೆ ಇದು. ಜೊತೆಯಲ್ಲಿ ನಡೆಯುವುದೆಂದರೇನೆಂದು ಮಾತಿನಲ್ಲಿ ಹೇಳಹೊರಡುವುದಕ್ಕಿಂತ, ಬಂದವರನ್ನು ಒಂದು ಮಧ್ಯಾಹ್ನದಿಂದ ಸಂಜೆಯವರೆಗೆ ಈ ಏರಿಯ ಮೇಲೆ, ಹಕ್ಕಿಗಳು ಕತ್ತೆತ್ತದಷ್ಟು ದೂರದಲ್ಲಿ ಕೂರಿಸುವುದು ಮೇಲು.

ಹೊಳೆಗೆ ಮರಳಿ ಸುತ್ತೂರನ್ನು ಹಾದು ಮುಂದೆ ಹೋದರೆ ಒಳಬಾಗುಗಳಲ್ಲಿ ಮರಳದಿಣ್ಣೆಗಳು ಸಿಗುತ್ತವೆ. ಮಾಗಿ ಕಳೆದು ನೀರಿಳಿದಾಗ ನದಿ ರೀವಗಳು ಅಲ್ಲಿಗೆ ಬರುತ್ತವೆ. ಮುತ್ತಿನ ಬೂದು ಮೈ, ಕಣ್ಣಿನವರೆಗೆ ಇಳಿದ ಕಪ್ಪು ಟೋಪಿ, ಅರಿಶಿನದ ಕೊಕ್ಕು, ಕುಂಕುಮದ ಕಾಲು. ಗಂಡು ಬೆಳ್ಳಿಮೀನೊಂದನ್ನು ಅಡ್ಡಹಿಡಿದು ಹೆಣ್ಣಿನ ಮುಂದೆ ಇಳಿಯುತ್ತದೆ. ಕೂಡಲೇ ಕೊಡುವುದಿಲ್ಲ. ಕತ್ತನ್ನು ನೆಟ್ಟಗೆ ಮಾಡಿ ಅವಳ ಸುತ್ತ ಅರ್ಧ ಸುತ್ತು ನಡೆಯುತ್ತದೆ. ಅವಳು ಮೈ ತಗ್ಗಿಸಿ, ರೆಕ್ಕೆ ಸಡಿಲಿಸಿ, ಬಾಯ್ತೆರೆದ ಮೇಲೆ ಮೀನು ಕೈದಾಟುತ್ತದೆ. ಗೂಡೆಂದರೆ ಮರಳಿನಲ್ಲಿ ಎದೆಯಿಂದ ಒತ್ತಿದ ಒಂದು ಕುಳಿ ಮಾತ್ರ, ಒಳಗೆ ಕಂದುಮಚ್ಚೆಯ ಎರಡು ಮೂರು ಮೊಟ್ಟೆ. ಬೇಸಿಗೆಯ ನಡುಹಗಲಲ್ಲಿ ಮರಳು ಕಾದಾಗ ತಾಯಿ ಎದ್ದು ಹೊಳೆಗೆ ಹೋಗಿ, ಹಾರುತ್ತಲೇ ಹೊಟ್ಟೆಯ ಗರಿಯನ್ನು ನೀರಿಗೆ ತಾಗಿಸಿ, ತೊಟ್ಟಿಕ್ಕುವ ಮೈಯಲ್ಲಿ ಬಂದು ಮೊಟ್ಟೆಯ ಮೇಲೆ ಕೂರುತ್ತದೆ. ಆ ನೀರು ಆರಿದ ಮೇಲೆ ಮತ್ತೆ ಎದ್ದು ಹೋಗುತ್ತದೆ.

ನದಿ ರೀವ ಈಗ ಜಗತ್ತಿನ ಕೆಂಪುಪಟ್ಟಿಯಲ್ಲಿ ಅಪಾಯಕ್ಕೀಡಾಗಬಹುದಾದ ಹಕ್ಕಿ. ಮರಳು ತೆಗೆದ ಹೊಳೆಯಲ್ಲಿ ಅದಕ್ಕೆ ನೆಲೆಯಿಲ್ಲ. ಒಬ್ಬ ಮನುಷ್ಯ ದಿಣ್ಣೆಯ ಮೇಲೆ ನಿಂತರೂ ಸಾಕು, ಹಕ್ಕಿಗಳೆಲ್ಲ ಎದ್ದು ತಲೆಯ ಮೇಲೆ ಕಿರುಚುತ್ತಾ ಸುತ್ತುತ್ತವೆ. ಅಷ್ಟು ಹೊತ್ತು ಮೊಟ್ಟೆಗಳು ಬಿಸಿಲಿಗೆ ಬೇಯುತ್ತವೆ. ಹಾಗಾಗಿ ಫೆಬ್ರವರಿಯ ಕೊನೆಯಿಂದ ಮಳೆಗಾಲದವರೆಗೆ ದಾರಿ ದಿಣ್ಣೆಗಳನ್ನು ಬಿಟ್ಟು ದಡದ ಮೇಲಿನ ಹೊಳೆಮತ್ತಿಗಳ ಹಿಂದೆ ಸರಿಯಬೇಕು. ಕಬ್ಬು ದಾರಿಯನ್ನು ಮುಚ್ಚುವ ಹಾಗೆಯೇ ಮೊಟ್ಟೆಯೂ ದಾರಿಯನ್ನು ಮುಚ್ಚಲಿ. ಯಾವಾಗ ಎಲ್ಲಿ ಕಾಲಿಡಬಾರದು ಎಂಬುದೇ ಈ ಯಾತ್ರೆಯ ವ್ರತ.

ಇನ್ನೂ ಕೆಳಗೆ, ನೀರಂಚಿನ ಬಂಡೆಗಳ ಮೇಲೆ ನೀರುನಾಯಿಗಳ ಲದ್ದಿ ಕಾಣುತ್ತದೆ. ತಾಜಾ ಇದ್ದಾಗ ಕಪ್ಪು, ಒಣಗಿದಾಗ ಬೂದಿಬಿಳಿ. ಮೀನಿನ ಹುರುಪೆ, ಏಡಿಯ ಚಿಪ್ಪಿನ ಚೂರುಗಳು ಅದರಲ್ಲಿ ಮಿನುಗುತ್ತವೆ. ಪ್ರಾಣಿಯನ್ನು ನೋಡಿದ್ದಕ್ಕಿಂತ ಈ ಗುರುತನ್ನು ನೋಡಿದ್ದೇ ಹೆಚ್ಚು. ಒಂದೇ ಬಂಡೆಗೆ ಕುಟುಂಬವೆಲ್ಲ ಬಂದು ಗುರುತು ಹಾಕಿ ಹೋಗುತ್ತದೆ. ಇಲ್ಲೂ ದೂರ ನಿಲ್ಲಬೇಕು. ಈ ಹೊಳೆಯಲ್ಲಿ ಮೊಸಳೆಯೂ ಇದೆ.

ಇಂಥ ದಾರಿ ಬೇರೆಡೆ ಆಗಿದೆ. ದಕ್ಷಿಣ ಕೊರಿಯಾದ ಜೆಜು ದ್ವೀಪದಲ್ಲಿ ಸು ಮ್ಯುಂಗ್‌ಸುಕ್ ಎಂಬ ಪತ್ರಕರ್ತೆ ಸ್ಪೇನಿನ ಹಳೆಯ ಯಾತ್ರಾಪಥವನ್ನು ನಡೆದು ಬಂದು, 2007ರಿಂದ ತನ್ನೂರಿನ ಕಡಲಂಚಿನ ಓಣಿಗಳನ್ನೂ ಹೊಲದ ಬದುಗಳನ್ನೂ ಜೋಡಿಸಿ ಕಾಲುದಾರಿ ಮಾಡಿದರು. ಇಂದು ಅದು 400 ಕಿಲೋಮೀಟರಿಗೂ ಉದ್ದ. ಗುರುತೆಂದರೆ ಮರದ ಕೊಂಬೆಗೆ ಕಟ್ಟಿದ ನೀಲಿ, ಕಿತ್ತಳೆ ಬಣ್ಣದ ಪಟ್ಟಿಗಳು. ನಮ್ಮ ಕಪಿಲೆಗೂ ಅಷ್ಟೇ ಸಾಕು: ಬಿಚ್ಚಿ ಇನ್ನೊಂದು ಮರಕ್ಕೆ ಕಟ್ಟಬಹುದಾದ ಗುರುತು.

ನರಸೀಪುರದ ಹತ್ತಿರ ಬೇಲಿಗಳಲ್ಲಿ ಗುಲಗಂಜಿ ಬಳ್ಳಿ ಹಬ್ಬಿರುತ್ತದೆ. ಒಣಗಿದ ಕಾಯಿ ಸುರುಳಿಯಾಗಿ ಸೀಳಿ, ಕೆಂಪುಮೈಗೆ ಒಂದೇ ಕಪ್ಪು ಕಣ್ಣಿನ ಬೀಜಗಳು ಸಿಪ್ಪೆಗೆ ಅಂಟಿಕೊಂಡೇ ಹೊರಗೆ ನೋಡುತ್ತವೆ. ಈ ಸಂಗಮ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂದು ಇಲ್ಲಿನ ಗುಡಿಯ ಗುಂಜಾನರಸಿಂಹನ ಐತಿಹ್ಯ ಹೇಳುತ್ತದೆ. ಆ ಬೀಜ ಇಲ್ಲಿ ಬೇಲಿಯಲ್ಲೇ ಇದೆ. ಮುಟ್ಟಬಹುದು, ಕಚ್ಚಬಾರದು, ಒಳಗೆ ಕಡುವಿಷ.

ಈ ದಡದಲ್ಲಿ ಮೈಸೂರು ವಿಶ್ವವಿದ್ಯಾಲಯದ ಎಂ. ಶೇಷಾದ್ರಿ ಅವರು ನಡೆಸಿದ ಉತ್ಖನನದ ವರದಿ 1971ರಲ್ಲಿ ಪ್ರಕಟವಾಯಿತು. ಯಾವ ಗುಡಿಯೂ ಏಳುವ ಬಹು ಮುಂಚೆ ನವಶಿಲಾಯುಗದ ಜನ ಇಲ್ಲಿ ಬಾಳಿ, ತಮ್ಮವರನ್ನು ಇದೇ ಮಣ್ಣಿನಲ್ಲಿ ಹೂಳಿದ್ದರು. ಎರಡು ನೀರು ಕೂಡುವ ಕಡೆ ನಿಲ್ಲಬೇಕೆಂದು ಅವರಿಗೂ ಅನಿಸಿತ್ತು. ಜುಲೈ ಮೊದಲ ವಾರಗಳಲ್ಲಿ ನಿಂತರೆ ಕಾರಣ ಕಣ್ಣಿಗೇ ಕಾಣುತ್ತದೆ. ಕಬಿನಿ ಜಲಾಶಯದ ಹೊಟ್ಟೆ ಚಿಕ್ಕದು, 19.52 ಟಿಎಂಸಿ ಅಡಿ, ಕಾವೇರಿಯ ಕನ್ನಂಬಾಡಿ ಅಣೆಕಟ್ಟೆಯದು 49.45. ವಯನಾಡಿನ ಮಳೆಗೆ ಕಬಿನಿ ಸಾಮಾನ್ಯವಾಗಿ ಮೊದಲು ತುಂಬಿ ಬಾಗಿಲು ತೆರೆಯುತ್ತದೆ. ಆಗ ಕಪಿಲೆ ಕೆಂಪಾಗಿ ಬರುತ್ತಾಳೆ, ಕಾವೇರಿ ಇನ್ನೂ ತಿಳಿಹಸಿರಾಗಿರುತ್ತಾಳೆ. ಎರಡರ ನಡುವೆ ಒಂದು ಗೆರೆ. ಗೆರೆಯುದ್ದಕ್ಕೂ ನೊರೆ, ಕಸಕಡ್ಡಿ, ಸಣ್ಣ ಸುಳಿಗಳು. ಒಂದೊಂದು ಸುಳಿ ಕೆಂಪಿನ ಒಂದು ಎಳೆಯನ್ನು ಹಸಿರಿನೊಳಕ್ಕೆ ತಿರುವಿ ಬಿಡುತ್ತದೆ. ಎಲ್ಲಿ ಬೆರೆತವೆಂದು ಬೆರಳಿಟ್ಟು ತೋರಿಸಲು ನನಗೆ ಇನ್ನೂ ಆಗಿಲ್ಲ.

ಈ ದಾರಿ ಆಗಬೇಕಾದರೆ ದೊಡ್ಡ ಹಣ ಬೇಕಿಲ್ಲ. ದಡದ ಗ್ರಾಮ ಪಂಚಾಯಿತಿಗಳು ಹೊಳೆಯಂಚಿನ ಸಾರ್ವಜನಿಕ ಜಾಗವನ್ನು ನಕ್ಷೆಯಲ್ಲಿ ಗುರುತಿಸಿ ಒತ್ತುವರಿಯಾಗದಂತೆ ಕಾಯಲಿ. ಬದುವಿನ ಒಡೆಯರನ್ನು ಕೇಳಿ, ಕಟಾವಾದ ಮೇಲಷ್ಟೇ ಅಲ್ಲಿ ಕಾಲಿಡೋಣ. ಹುಣಸೆಯಡಿ ಮತ್ತೆ ಒಂದು ಅರವಟ್ಟಿಗೆ ಏಳಲಿ. ಹೆಜ್ಜಿಗೆಯ ಕೆಸರಿನ ಬಣ್ಣ, ಹದಿನಾರಿನ ಹೆಬ್ಬಾತುಗಳು ಬಂದ ದಿನ, ರೀವ ಮೊಟ್ಟೆಯಿಟ್ಟ ದಿಣ್ಣೆ, ಇವನ್ನು ಆಯಾ ಊರಿನ ಶಾಲೆಯ ಮಕ್ಕಳು ವರ್ಷವರ್ಷ ಬರೆದಿಡಲಿ. ದಾರಿ ಈ ವರ್ಷ ಎಲ್ಲಿ ಹೋಗಬೇಕೆಂದು ಆ ಪುಸ್ತಕವೇ ಹೇಳಲಿ. ನಡೆಯುವವರು ಮೂರು ದಿನ ತೆಗೆದುಕೊಳ್ಳಲಿ. ಬಸ್ಸಿಗೆ ಒಂದು ಗಂಟೆಯೂ ಹಿಡಿಯದ ದೂರಕ್ಕೆ ಮೂರು ದಿನ ಕೊಡಲು ಒಪ್ಪುವುದೇ ಈ ಯಾತ್ರೆಯ ಕಾಣಿಕೆ.